ದೇವರ ಮನೆಯಲ್ಲಿ ಪಿಂಕ್ ನಾಯ್ಸ್

ಕೋವಿಡ್ ಕಳೆದು ಜನ ಮಾಸ್ಕ್ ತೆಗೆದು ಮಾತಾಡತೊಡಗಿದ್ದ ವರ್ಷ ಅದು. ನಾನು ಆಗ ಆಂಧ್ರದ ಗಡಿಯೂರು ಆದವಾನಿಯ ಒಂದು ಖಾಸಗಿ ಕಿವಿ-ಮೂಗು-ಗಂಟಲು ಆಸ್ಪತ್ರೆಯಲ್ಲಿ ಆಡಿಯಾಲಜಿಸ್ಟ್ ಆಗಿದ್ದೆ. ಆಡಿಯಾಲಜಿಸ್ಟ್ ಎಂದರೆ ಕಿವಿಗೆ ಔಷಧಿ ಕೊಡುವವರಲ್ಲ. ಯಾರಿಗೆ ಎಷ್ಟು ಕೇಳುತ್ತದೆ, ಯಾವ ಸ್ವರದಲ್ಲಿ ಕೇಳುವುದಿಲ್ಲ ಎಂದು ಅಳೆದು, ಶ್ರವಣಯಂತ್ರ ಹೊಂದಿಸಿ, ಕೇಳುವುದನ್ನು ಮತ್ತೆ ಕಲಿಸುವವರು. ಈ ವಿವರಣೆಯನ್ನು ಊರಿಗೆಲ್ಲ ಕೊಡುವ ತಾಳ್ಮೆ ನನಗಿರಲಿಲ್ಲ. ಹಾಗಾಗಿ ಎಲ್ಲರಿಗೂ ನಾನು ಡಾಕ್ಟರಮ್ಮ.

ದಿನಾ ನಾಲ್ಕು ಸಾಲು ಬರೆದಿಡುವ ಅಭ್ಯಾಸ ನನಗೆ ಮೈಸೂರಿನಲ್ಲಿ ಓದುವಾಗಿನಿಂದ ಇದೆ. ಬರೆದದ್ದನ್ನು ನಾನು ಪೂರ್ತಿ ನಂಬುವುದಿಲ್ಲ, ಬರೆಯದೆ ನೆನಪಿರುವುದನ್ನು ಇನ್ನೂ ಕಡಿಮೆ ನಂಬುತ್ತೇನೆ. ಈ ಪ್ರಕರಣದಲ್ಲಿ ಎರಡೂ ಬೆರೆತುಹೋಗಿವೆ. ಎಲ್ಲಿ ಅನುಮಾನವಿದೆಯೋ ಅಲ್ಲಿ ಹೇಳುತ್ತೇನೆ. ಹೆಸರುಗಳನ್ನಂತೂ ಬದಲಿಸಿದ್ದೇನೆ.

ಒಂದು ಮಧ್ಯಾಹ್ನ ಅತ್ತೆ ಸೊಸೆ ಇಬ್ಬರು ಬಂದರು. ಅತ್ತೆ ಪಂಪಮ್ಮ, ಅರವತ್ತು ದಾಟಿದವರು, ಹಣೆಯಲ್ಲಿ ವಿಭೂತಿ. ಸೊಸೆ ಸುಮಂಗಲ, ಮದ್ದಿಕೇರದ ಹುಡುಗಿ. ಕುರ್ಚಿಯಲ್ಲಿ ಕೂರುವ ಮೊದಲೇ ಸುಮಂಗಲ ಕೇಳಿದಳು:

"ಡಾಕ್ಟರಮ್ಮ, ಇಲ್ಲಿ ನಳ ಎಲ್ಲೈತ್ರಿ? ಹೋಗೂಮುಂದ ಅತ್ತಿ ತಲಿ ತೋಯಿಸ್ಬೇಕು."

"ಯಾಕಮ್ಮ?"

"ನಾಗಲದಿನ್ನಿಗೆ ಹೊಳಿ ಸ್ನಾನಕ್ಕ ಹೊಂಟೀವಂತ ಮನ್ಯಾಗ ಹೇಳಿ ಬಂದೀವ್ರಿ. ತಲಿ ಒಣಗಿದ್ರ ದೊಡ್ಡಮಾವಾರಿಗೆ ಗೊತ್ತಾಕ್ಕೈತಿ. ಒಂದು ಬಾಟಲಿ ಹೊಳಿ ನೀರೂ ಬೇಕು."

"ಹೊಳಿ ನೀರು ನಾ ಎಲ್ಲಿಂದ ತರಲಿ?"

"ನಿಮ್ಮ ಫಿಲ್ಟರಿಂದು ಕೊಡ್ರಿ, ಪರವಾಲೇದು. ಹೊಳಿದಕಿಂತ ಅದೇ ಚಲೋ ಇರ್ತೈತಿ."

ಪಂಪಮ್ಮ ನಗಲಿಲ್ಲ. ಅವರ ಕಣ್ಣ ಕೆಳಗಿನ ಕಪ್ಪು ನೋಡಿದರೆ ನಗುವ ಶಕ್ತಿ ಉಳಿದಿರಲಿಲ್ಲ ಅನ್ನಿಸಿತು.

ಅವರ ಕಥೆ ಹೀಗಿತ್ತು. ಗಂಡ ಬೇಗ ತೀರಿಕೊಂಡ ಮೇಲೆ ಮನೆಯ ಹತ್ತಿ ಜಿನ್ನಿಂಗ್ ಮಿಲ್ಲಿನ ಆಫೀಸನ್ನು ಇವರೇ ನೋಡಿಕೊಂಡಿದ್ದರು. ಹತ್ತಿಯಿಂದ ಬೀಜ ಬೇರ್ಪಡಿಸುವ ಆ ಯಂತ್ರಗಳನ್ನು ನಮ್ಮ ಕಡೆ ಸುಮ್ಮನೆ ಜಿನ್ನು ಎನ್ನುತ್ತಾರೆ. ಆಫೀಸಿನ ಒಂದು ಗೋಡೆ ಬರೀ ತಗಡು, ಅದರಾಚೆ ಸಾಲಾಗಿ ಜಿನ್ನುಗಳು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಪಂಪಮ್ಮ ಆ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದರು. ಮಗ ಊರಾಚೆ ಹೊಸ ಮಿಲ್ಲು ಹಾಕಿ "ಇನ್ನು ಮನ್ಯಾಗ ಆರಾಮ ಇರವ್ವ" ಅಂದ. ಮನೆಗೆ ಬಂದ ಕೆಲವೇ ದಿನಗಳಲ್ಲಿ ಎರಡೂ ಕಿವಿಯಲ್ಲಿ ಕುಯ್ಯ್ ಎಂಬ ಸದ್ದು ಶುರುವಾಯಿತು. ನಿಲ್ಲಲೇ ಇಲ್ಲ.

ಇದಕ್ಕೆ ಟಿನಿಟಸ್ ಎಂದು ಹೆಸರು. ಹೊರಗೆ ಯಾವ ಸದ್ದೂ ಇಲ್ಲದೆ ಕಿವಿಯೊಳಗೆ ಸದ್ದು ಕೇಳುವುದು. ಗದ್ದಲದಲ್ಲಿ ದುಡಿದವರಲ್ಲಿ ಸಾಮಾನ್ಯ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಸವೆದು, ಕೆಲವು ಸ್ವರಗಳು ಮಿದುಳಿಗೆ ತಲುಪುವುದು ಕಡಿಮೆಯಾದಾಗ, ಮಿದುಳು ತನ್ನ ವಾಲ್ಯೂಮ್ ತಾನೇ ಏರಿಸಿಕೊಂಡು ಇಲ್ಲದ್ದನ್ನು ಕೇಳಿಸಿಕೊಳ್ಳುತ್ತದೆ ಎಂಬುದು ಇವತ್ತಿನ ತಿಳಿವಳಿಕೆ. ಪಂಪಮ್ಮನ ಆಡಿಯೋಗ್ರಾಮ್, ಅಂದರೆ ಶ್ರವಣದ ನಕ್ಷೆ, ತೆಗೆದೆ. ನಾಲ್ಕು ಸಾವಿರ ಹರ್ಟ್ಸ್ ಬಳಿ ಗೆರೆ ಗುಂಡಿಗೆ ಬಿದ್ದಂತೆ ಇಳಿದಿತ್ತು. ಗದ್ದಲ ತಿಂದ ಕಿವಿಯ ಗುರುತು ಅದು.

ಇಷ್ಟೇ ಆಗಿದ್ದರೆ ಈ ಪ್ರಕರಣ ನನ್ನ ನೆನಪಿನಲ್ಲಿ ಉಳಿಯುತ್ತಿರಲಿಲ್ಲ. ಆದರೆ ಆ ಸದ್ದಿನ ವಿಷಯವನ್ನು ಅವರು ಮೊದಲು ಹೇಳಿದ್ದು ಗಂಡನ ಅಣ್ಣ, ಅಂದರೆ ಸುಮಂಗಲಳ ದೊಡ್ಡಮಾವ, ವೀರಭದ್ರಪ್ಪನವರಿಗೆ. ಮನೆಗೆ ಹಿರಿಯರು, ಎಪ್ಪತ್ತೈದು ದಾಟಿದವರು, ಒಂದು ದಿನವೂ ಲಿಂಗಪೂಜೆ ತಪ್ಪಿಸದವರು. ಹೊರಗೆ ಸದ್ದಿಲ್ಲ, ಒಳಗೆ ಮಾತ್ರ ಕೇಳುತ್ತದೆ, ಹಗಲು ರಾತ್ರಿ ನಿಲ್ಲುವುದಿಲ್ಲ ಎಂದು ಪಂಪಮ್ಮ ಹೇಳಿದಾಗ ಅವರು ಎದ್ದು, ತಮ್ಮನ ಹೆಂಡತಿಯ ಕಾಲಿಗೆ ಬಿದ್ದರು. ಅದು ಅನಾಹತ ನಾದವಂತೆ. ಬಡಿಯದೆ ಹುಟ್ಟುವ ನಾದ. ಹಲವು ಜನ್ಮದ ಸಾಧನೆಗೆ ಮಾತ್ರ ಕೇಳುವಂಥದ್ದು. ಅಂದಿನಿಂದ ಅವರು ಪಂಪಮ್ಮನನ್ನು ಹೆಸರು ಹಿಡಿದು ಕರೆಯಲಿಲ್ಲ. ತಾಯಿ ಎಂದೇ ಕರೆದರು.

"ಆಮ್ಯಾಲ ಏನಾತು?" ಎಂದೆ.

"ಏನಾಗೂದೈತ್ರಿ. ದೇವ್ರ ಮನ್ಯಾಗ ಕುಂದ್ರಿಸಿ ಬಾಗಿಲಾ ಹಾಕಿದ್ರು," ಎಂದರು ಪಂಪಮ್ಮ. "ಮುಂಜಾನಿ ಒಮ್ಮೆ, ಸಂಜಿಗೆ ಒಮ್ಮೆ. ಬಾಜೂಕ ಅವ್ರೂ ಕುಂದಿರ್ತಾರ. ಮನ್ಯಾಗ ಟಿವಿ ಬಂದ್, ಮಿಕ್ಸಿ ಬಂದ್. ಒಂದು ಚಮಚ ಬಿದ್ರ ಈಕಿಗೆ ಬೈತಾರ, ತಾಯಿ ನಾದ ಕೆಡತೈತಿ ಅಂತ."

ಕಿವಿಯಲ್ಲಿ ಸದ್ದಿರುವವರಿಗೆ ಅತಿ ಕೆಟ್ಟ ಜಾಗ ಯಾವುದೆಂದರೆ ನಿಶ್ಶಬ್ದ. ಸುತ್ತಲಿನ ಸದ್ದು ಕಡಿಮೆಯಾದಷ್ಟೂ ಒಳಗಿನದು ದೊಡ್ಡದಾಗುತ್ತದೆ. ಭಕ್ತಿಯಿಂದ, ಅಪಾರ ಗೌರವದಿಂದ, ಆ ಮನೆಯವರು ಪಂಪಮ್ಮನನ್ನು ದಿನಕ್ಕೆರಡು ಸಲ ಅದೇ ಜಾಗಕ್ಕೆ ಕೂಡಿಹಾಕುತ್ತಿದ್ದರು.

ಸೋಮವಾರ ಓಣಿಯ ಹೆಂಗಸರು ಹೂವು ಹಿಡಿದು ಬರತೊಡಗಿದರು. ಆಮೇಲೆ ಹತ್ತಿ ವ್ಯಾಪಾರಿಗಳು. ಒಬ್ಬರು ಒಮ್ಮೆ "ಅವ್ವಾ, ಇವತ್ತು ನಾದ ಜೋರ ಐತೋ, ಸಣ್ಣಗೈತೋ?" ಎಂದು ಕೇಳಿದರಂತೆ. "ಜೋರ ಐತಪ್ಪ" ಎಂದಿದ್ದಕ್ಕೆ ಅವರು ಅಂದು ಮಾಲು ಬಿಡದೆ ಹಿಡಿದರು. ಮಾರನೆಯ ದಿನ ದರ ಏರಿತು. ಅಲ್ಲಿಂದ ಮುಂದೆ ಮಾರ್ಕೆಟ್ಟಿಗೆ ಹೋಗುವ ದಾರಿಯಲ್ಲಿ ಸ್ಕೂಟರ್ ನಿಲ್ಲಿಸಿ ಕೇಳಿ ಹೋಗುವವರು ಹೆಚ್ಚಿದರು.

"ನಂಗ ನಿದ್ದಿ ಇಲ್ದ ದಿನ ಜೋರ ಇರ್ತೈತ್ರಿ," ಎಂದರು ಪಂಪಮ್ಮ. "ಅವತ್ತು ಇವ್ರು ಹತ್ತಿ ಮಾರೂದಿಲ್ಲ."

ಈಗ ಮೂವರೂ ನಕ್ಕೆವು. ನಕ್ಕು ಮುಗಿದ ಮೇಲೆ ಅವರು ಹೇಳಿದ್ದನ್ನು ಮಾತ್ರ ನಾನು ಅವತ್ತೇ ಬರೆದುಕೊಂಡಿದ್ದೇನೆ: "ಈಗ ನಾ ಇದು ಬ್ಯಾನಿ ಅಂದ್ರ, ಇಷ್ಟು ದಿನ ಬಂದೋರಿಗೆಲ್ಲಾ ಸುಳ್ಳು ಹೇಳ್ದಂಗ ಆತು. ಭಾವನೋರ ಮಾತೂ ಹೋಗತೈತಿ. ಅನ್ಲಿಲ್ಲಂದ್ರ ಇದರಾಗ ಸಾಯ್ತೀನಿ. ಹೊರಗ ಬರೂ ದಾರಿ ಇದ್ರ ತೋರಿಸ್ರಿ. ಯಾರಿಗೂ ಗೊತ್ತಾಗಬಾರ್ದು."

ಶ್ರವಣಯಂತ್ರ ಹಾಕಿದ್ದರೆ ಸ್ವಲ್ಪ ಅನುಕೂಲವಾಗುತ್ತಿತ್ತು. ಆದರೆ ದಿವ್ಯನಾದ ಕೇಳುವ ತಾಯಿಯ ಕಿವಿಯಲ್ಲಿ ಮಷೀನು ಕಂಡರೆ? ಅದು ಆಗದ ಮಾತು. ಹೊಸ ಮಿಲ್ಲಿಗೆ ಹೋಗಿ ಗದ್ದಲದಲ್ಲಿ ಕೂರುತ್ತೇನೆ ಎಂದರು. ಅದಕ್ಕೆ ನಾನೇ ಒಪ್ಪಲಿಲ್ಲ, ಉಳಿದ ಕಿವಿಯೂ ಹೋಗುತ್ತದೆ. ಉಳಿದದ್ದು ಸೌಂಡ್ ಥೆರಪಿ. ರಾತ್ರಿ ದಿಂಬಿನ ಬಳಿ ಮೆಲ್ಲಗೆ ಬೇರೊಂದು ಸದ್ದು ಇಡುವುದು. ಒಳಗಿನ ಸದ್ದನ್ನು ಮುಚ್ಚಿಬಿಡುವಷ್ಟು ಜೋರಾಗಿ ಅಲ್ಲ, ಅದರ ಪಕ್ಕದಲ್ಲಿ ಇರುವಷ್ಟು ಮಾತ್ರ. ಆಗ ಮಿದುಳು ನಿಧಾನಕ್ಕೆ ಅದನ್ನು ಲೆಕ್ಕಕ್ಕೆ ಹಿಡಿಯುವುದು ಬಿಡುತ್ತದೆ.

ಇಂಥ ಸದ್ದಿನ ಫೈಲುಗಳು ಫೋನಿನಲ್ಲಿ ಬೇಕಾದಷ್ಟು ಸಿಗುತ್ತವೆ. ಒಂದನ್ನು ಹಾಕಿ ಕಳಿಸಿದೆ. ಮುಂದಿನ "ಹೊಳಿ ಸ್ನಾನ"ಕ್ಕೆ ಬಂದಾಗ ಪಂಪಮ್ಮ ತಲೆಯಾಡಿಸಿದರು: "ಇದರಾಗ ಗಂಟು ಬರ್ತೈತ್ರಿ." ನನಗೆ ತಿಳಿಯಲಿಲ್ಲ. ಅವರು ಬೆರಳುಗಳ ನಡುವೆ ಇಲ್ಲದ ನೂಲನ್ನು ಎಳೆದು ತೋರಿಸಿದರು. ಆ ಫೈಲು ಮುಗಿದು ಮತ್ತೆ ಶುರುವಾಗುವ ಕಡೆ ಒಂದು ಸೂಕ್ಷ್ಮ ಜೋಡಣೆ ಇತ್ತು. ಅದನ್ನು ಒಮ್ಮೆ ಗುರುತಿಸಿದ ಮೇಲೆ ಅವರು ನಿದ್ದೆ ಮಾಡದೆ ಆ ಗಂಟಿಗಾಗಿ ಕಾಯತೊಡಗಿದ್ದರು. ಒಂದು ಬಂಧನಕ್ಕೆ ನಾನು ಇನ್ನೊಂದು ಸೇರಿಸಿದ್ದೆ.

ಹಾಗಾಗಿ ಮುಗಿಯದ, ಮರಳಿ ಬಾರದ ಸದ್ದು ಬೇಕಿತ್ತು. ಕ್ಷಣಕ್ಷಣಕ್ಕೂ ಹೊಸದಾಗಿ ಹುಟ್ಟುವಂಥದ್ದು. ಎಂ.ಎಸ್‌ಸಿ. ಓದುವಾಗ ಒಂದು ಉಚಿತ ತಂತ್ರಾಂಶ ಕಲಿತಿದ್ದೆ. ಅದರಲ್ಲಿ ಸಾಲುಸಾಲು ಕೋಡ್ ಬರೆಯಬೇಕಿಲ್ಲ. ಪರದೆಯ ಮೇಲೆ ಚಿಕ್ಕ ಪೆಟ್ಟಿಗೆಗಳನ್ನಿಟ್ಟು, ಒಂದರಿಂದ ಒಂದಕ್ಕೆ ಗೆರೆ ಎಳೆಯಬೇಕು. ಪ್ರತಿ ಪೆಟ್ಟಿಗೆಗೂ ಒಂದು ಕೆಲಸ. ಗೆರೆಗಳು ತಂತಿಗಳಿದ್ದಂತೆ, ಅವುಗಳಲ್ಲಿ ಧ್ವನಿ ಹರಿಯುತ್ತದೆ. ಇಡೀ ಜೋಡಣೆಗೆ ಪ್ಯಾಚ್ ಎನ್ನುತ್ತಾರೆ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಲ್ಯಾಪ್‌ಟಾಪ್ ತೆರೆದು ಕೂತೆ.

ಮೊದಲ ಪೆಟ್ಟಿಗೆ ಸುಲಭ. ಅದು ವೈಟ್ ನಾಯ್ಸ್ ಕೊಡುತ್ತದೆ: ಎಲ್ಲ ಸ್ವರಗಳೂ ಸಮನಾಗಿ ಬೆರೆತ, ಬಿಳಿ ಬೆಳಕಿನಂಥ ಸದ್ದು. ಸಮನಾಗಿ ಎಂದರೂ ನಮ್ಮ ಕಿವಿಗೆ ಅದು ಚೂಪು. ಏಕೆಂದರೆ ನಾವು ಸ್ವರಗಳನ್ನು ಅಷ್ಟಕಗಳಲ್ಲಿ, ಅಂದರೆ ಕೆಳಗಿನ ಸ-ದಿಂದ ಮೇಲಿನ ಸ-ವರೆಗಿನ ಆಕ್ಟೇವ್ ಲೆಕ್ಕದಲ್ಲಿ, ಕೇಳುತ್ತೇವೆ. ಒಂದೊಂದು ಅಷ್ಟಕ ಮೇಲೆ ಹೋದಂತೆ ಅದರಲ್ಲಿ ತುಂಬುವ ಶಕ್ತಿ ಇಮ್ಮಡಿಯಾಗುತ್ತದೆ. ಅವರು ಮತ್ತೆ ಬಂದಾಗ ಕೇಳಿಸಿದರೆ ಪಂಪಮ್ಮ ಮುಖ ಹಿಂಡಿ, "ಒಗ್ಗರಣಿ ಹಾಕಿ ಮರತಂಗೈತಿ, ಇಳಸ್ರಿ" ಎಂದರು. ಅದರ ಮುಂದೆ ಒಂದು ಲೋ-ಪಾಸ್ ಫಿಲ್ಟರ್ ಪೆಟ್ಟಿಗೆ ಇಟ್ಟೆ. ಅದು ಎತ್ತರದ ಸ್ವರಗಳನ್ನು ತಗ್ಗಿಸುತ್ತದೆ. ನನಗೆ ಬೇಕಿದ್ದದ್ದು ಪಿಂಕ್ ನಾಯ್ಸ್, ಎಲ್ಲ ಅಷ್ಟಕಗಳಲ್ಲೂ ಶಕ್ತಿ ಸಮನಾಗಿರುವ ಮೆತ್ತನೆಯ ಸದ್ದು. ಆದರೆ ಒಂದು ಫಿಲ್ಟರಿನ ಇಳಿಜಾರು ಅಷ್ಟಕಕ್ಕೆ ಆರು ಡೆಸಿಬೆಲ್. ಪಿಂಕ್ ನಾಯ್ಸ್‌ಗೆ ಬೇಕಾದದ್ದು ಅದರ ಅರ್ಧ, ಮೂರು. ಹಾಗಾಗಿ ಸದ್ದು ಗುಡುಗುಡು ಎನ್ನತೊಡಗಿತು. ಮನೆ ಮುಂದೆ ಲಾರಿ ನಿಲ್ಲಿಸಿದ ಹಾಗೆ ಎಂದಳು ಸುಮಂಗಲ.

ಅರ್ಧ ಇಳಿಜಾರು ಕೊಡುವ ಪೆಟ್ಟಿಗೆ ಅದರಲ್ಲಿ ಇಲ್ಲ. ಕಟ್ಟಿಕೊಳ್ಳಬೇಕು. ಒಂದೇ ವೈಟ್ ನಾಯ್ಸನ್ನು ಹಲವು ಫಿಲ್ಟರುಗಳಿಗೆ ಹಂಚಿ, ಒಂದೊಂದನ್ನು ಒಂದೊಂದು ಎತ್ತರದಲ್ಲಿ ತಗ್ಗಿಸಿ, ಒಂದೊಂದಕ್ಕೆ ಒಂದೊಂದು ಪ್ರಮಾಣ ಕೊಟ್ಟು, ಕೊನೆಗೆ ಕೂಡಿಸಬೇಕು. ಆಗ ಮೆಟ್ಟಿಲುಗಳೆಲ್ಲ ಸೇರಿ ಸುಮಾರಾಗಿ ಒಂದು ಓರೆಯ ದಾರಿಯಾಗುತ್ತದೆ. ಕೂಡಿಸಿದ ಸದ್ದು ಸ್ಪೀಕರ್ ಹರಿಯುವಷ್ಟು ಜೋರಿರುತ್ತದೆ, ಅದನ್ನು ಮತ್ತೆ ತಗ್ಗಿಸಬೇಕು. ಎಷ್ಟು ದಿನ ಹಿಡಿಯಿತೋ ನೆನಪಿಲ್ಲ. ಪರದೆಯ ತುಂಬ ತಂತಿಗಳು ಒಂದರ ಮೇಲೊಂದು ಬಿದ್ದು, ಯಾವುದು ಎಲ್ಲಿಂದ ಬಂತು ಎಂದು ನನಗೇ ತಿಳಿಯದಂತಾಗಿ, ಎರಡು ಸಲ ಅಳಿಸಿ ಹೊಸದಾಗಿ ಕಟ್ಟಿದ್ದು ನೆನಪಿದೆ. ಕೊನೆಗೆ ಅಳತೆ ಮಾಡಿ ನೋಡಿದಾಗ ಎಲ್ಲ ಅಷ್ಟಕಗಳೂ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ನಿಂತಿದ್ದವು.

ಮುಂದಿನ ಭೇಟಿಯಲ್ಲಿ ಅದನ್ನು ಪಂಪಮ್ಮನಿಗೆ ಹಚ್ಚಿ ಕೆಲವು ನಿಮಿಷ ಬಿಟ್ಟೆ. ನಾನು ಕೇಳಿದೆ, "ಹೆಂಗೈತ್ರಿ?" ಕುರ್ಚಿಯಲ್ಲೇ ತಲೆ ವಾಲಿತ್ತು. ಸುಮಂಗಲ ತುಟಿಗೆ ಬೆರಳಿಟ್ಟಳು. ಎಚ್ಚರವಾದಾಗ, "ತಗಡಿನ ಗ್ವಾಡಿ ಆಚಿ ಕಡೆ ಜಿನ್ನು ನಡದಂಗಿತ್ತು," ಎಂದರು. ಅಂಗೈಯಗಲದ ಒಂದು ಕಂಪ್ಯೂಟರ್ ಬೋರ್ಡಿಗೆ ಆ ಪ್ಯಾಚ್ ಹಾಕಿ, ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಚಿಕ್ಕ ಸ್ಪೀಕರ್ ಜೋಡಿಸಿ ಕೊಟ್ಟೆ. ಸ್ವಿಚ್ ಹಾಕಿದರೆ ಸಾಕು, ತಾನೇ ಶುರುವಾಗುತ್ತದೆ. ಮಂಚದ ಕೆಳಗೆ ಇಡಲು ಹೇಳಿದೆ.

ಕೆಲವು ವಾರ ಚೆನ್ನಾಗಿ ನಡೆಯಿತು. ಪಂಪಮ್ಮ ರಾತ್ರಿ ಮಲಗಿದರು. ಹಗಲು ದೇವರ ಮನೆಯ ಮೌನದಲ್ಲಿ ಮತ್ತೆ ಸಿಕ್ಕಿಬಿದ್ದರು. ಶಿವರಾತ್ರಿ ಮುಂಚೆ ಮನೆ ತೊಳೆಯಲು ಮಂಚ ಸರಿಸಿದಾಗ ಡಬ್ಬಿ ಹೊರಬಿತ್ತು.

ವೀರಭದ್ರಪ್ಪನವರಿಗೆ ಬಂದ ಅನುಮಾನವನ್ನು ಆದವಾನಿಯ ಹೊರಗೆ ಯಾರಿಗೆ ಹೇಳಿದರೂ ನಂಬುವುದಿಲ್ಲ. ಯಾರೋ ವ್ಯಾಪಾರಿ ತಾಯಿಯ ನಾದವನ್ನು ಕದಿಯಲು ಮಷೀನು ಇಟ್ಟಿದ್ದಾನೆ ಎಂದುಕೊಂಡರು. ಸ್ವಿಚ್ ಒತ್ತಿದಾಗ ಡಬ್ಬಿಯಿಂದ ಬಂದ ಸದ್ದು ಅವರ ಪಾಲಿಗೆ ಸಾಕ್ಷಿ: ಅಗೋ, ಆಗಲೇ ಹಿಡಿದಿಟ್ಟಿದ್ದಾರೆ! ಮನೆಗೆಲಸದವರನ್ನೆಲ್ಲ ನಿಲ್ಲಿಸಿ ಕೇಳತೊಡಗಿದಾಗ ಸುಮಂಗಲ ಹೆದರಿ ನಿಜ ಹೇಳಿ, ನನಗೆ ಫೋನ್ ಮಾಡಿದಳು. "ಡಾಕ್ಟರಮ್ಮ, ಲ್ಯಾಪ್‌ಟಾಪ್ ತಗೊಂಡು ಬರ್ರಿ. ನಾ ಹೇಳಿದ್ರ ನಂಬವಲ್ರು."

ದೇವರ ಮನೆಯ ಬಾಗಿಲು ನನ್ನ ಹಿಂದೆ ಮುಚ್ಚಿಕೊಂಡಿತು. ದಪ್ಪ ಗೋಡೆ, ಮೇಲೆ ಒಂದೇ ಗವಾಕ್ಷಿ. ಹೊರಗಿನ ಆಟೋ ಹಾರ್ನ್ ಕೂಡ ಒಳಗೆ ಬರುತ್ತಿರಲಿಲ್ಲ. ಇಲ್ಲಿ ದಿನಕ್ಕೆರಡು ಸಲ ಕೂರುವುದೆಂದರೆ ಏನೆಂದು ನನಗೆ ಆಗ ಗೊತ್ತಾಯಿತು. ಮಣೆಯ ಮೇಲೆ ಪಂಪಮ್ಮ, ಎದುರಿಗೆ ವೀರಭದ್ರಪ್ಪ, ನಡುವೆ ನನ್ನ ಡಬ್ಬಿ.

ನಾನು ಎಲ್ಲ ವಿವರಿಸಿದೆ. ಅವರು ಅಡ್ಡಿಪಡಿಸದೆ ಕೇಳಿದರು. ಆಮೇಲೆ ಕೇಳಿದರು: "ಹಂಗಾರ ತಾಯಿ ಕೇಳೂದು ನಾದ ಅಲ್ಲ?"

"ನಾ ಕಿವಿ ಬಗ್ಗೆ ಅಷ್ಟ ಹೇಳಬಲ್ಲೆ, ಯಜಮಾನ್ರೆ."

"ಅರವತ್ತು ವರ್ಷ ಆತು ನಾ ಇಲ್ಲೇ ಕುಂತು. ನಂಗ ಏನೂ ಕೇಳ್ಲಿಲ್ಲ. ಈಕಿ ಬಾಜೂಕ ಕುಂತ್ರರ ಕೇಳೀತು ಅಂತ ಕುಂತೆ." ಡಬ್ಬಿಯನ್ನು ನನ್ನ ಕಡೆ ಸರಿಸಿ, "ಆಕಿಗೆ ಕೇಳೂದನ್ನ ನಂಗ ಕೇಳಸ್ತೀರೇನು?"

ಅದು ಕಷ್ಟವಲ್ಲ. ರೋಗಿಗೆ ಬೇರೆ ಬೇರೆ ಸ್ವರ ಕೇಳಿಸಿ, ಅವರ ಒಳಗಿನ ಸದ್ದಿಗೆ ಹೋಲುವುದನ್ನು ಹುಡುಕುವ ಪರೀಕ್ಷೆಯೊಂದಿದೆ. ಪಂಪಮ್ಮನದನ್ನು ಮೊದಲೇ ಮಾಡಿದ್ದೆ. ಪ್ಯಾಚಿನಲ್ಲಿ ಒಂದು ಹೊಸ ಪೆಟ್ಟಿಗೆ ಇಟ್ಟು, ನಾಲ್ಕು ಸಾವಿರದ ಸುತ್ತಲಿನ ಆ ಸ್ವರ ಹುಟ್ಟಿಸಿ, ವೀರಭದ್ರಪ್ಪನವರಿಗೆ ಹೆಡ್‌ಫೋನ್ ಹಾಕಿದೆ. ಅವರು ಕಣ್ಣು ಮುಚ್ಚಿ ಕೈ ಜೋಡಿಸಿದರು. ಕಾದರು. ಮುಖ ಮೆಲ್ಲಗೆ ಇಳಿಯಿತು.

"ಏನೂ ಕೇಳವಲ್ದು."

ವಯಸ್ಸಿನಿಂದ ಅವರ ಕಿವಿಯಲ್ಲಿ ಆ ಎತ್ತರದ ಸ್ವರಗಳು ಹೋಗಿದ್ದವು. ಅಷ್ಟು ಸರಳ ಕಾರಣ. ಆದರೆ ಆ ಮುಖ ನೋಡಿ ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಕಿವಿಗೆ ಅಪಾಯವಿಲ್ಲದ ಮಿತಿಯೊಳಗೆ ಸದ್ದು ಸ್ವಲ್ಪಸ್ವಲ್ಪ ಏರಿಸಿದೆ. ಒಂದು ಹಂತದಲ್ಲಿ ಅವರ ಮೈ ಜುಮ್ಮೆಂದದ್ದು ಕಂಡಿತು. ಕಣ್ಣಂಚು ಒದ್ದೆಯಾಯಿತು ಎಂದು ನನ್ನ ನೆನಪು ಹೇಳುತ್ತದೆ. ಡೈರಿಯಲ್ಲಿ ಅದು ಇಲ್ಲ. ಬಹುಶಃ ನಾನೇ ಆಮೇಲೆ ಒದ್ದೆ ಮಾಡಿಕೊಂಡಿರಬೇಕು.

ಕೆಲವು ನಿಮಿಷ ಹಾಗೇ ಕೂತರು. ನಂತರ ತಲೆ ಅತ್ತಿತ್ತ ಆಡಿಸಿದರು. ಕೈ ಬಿಚ್ಚಿದರು. ಹುಬ್ಬು ಗಂಟಿಕ್ಕಿತು. ಕೊನೆಗೆ ಎರಡೂ ಕೈ ಎತ್ತಿ ಹೆಡ್‌ಫೋನ್ ಹಿಡಿದರು.

"ತೆಗೀಬ್ಯಾಡ್ರಿ, ಭಾವನೋರ," ಎಂದರು ಪಂಪಮ್ಮ. "ನಂದು ತೆಗಿಯಾಕ ಬರೂದಿಲ್ಲ."

ಹೆಡ್‌ಫೋನ್ ಹಾಕಿಕೊಂಡವರಿಗೆ ಆ ಮಾತು ಕೇಳಿಸಿತೋ, ತುಟಿ ನೋಡಿ ತಿಳಿದರೋ ಗೊತ್ತಿಲ್ಲ. ಅವರ ಕೈ ಅಲ್ಲೇ ನಿಂತಿತು. ಇನ್ನೂ ಸ್ವಲ್ಪ ಹೊತ್ತು ತಡೆದುಕೊಂಡರು. ಆಮೇಲೆ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಯಾವಾಗಿಂದ ಹಿಂಗೈತಿ?"

"ಜಿನ್ನು ಬಿಟ್ಟಾಗಿಂದ."

"ರಾತ್ರಿನೂ?"

"ರಾತ್ರಿನ ಹೆಚ್ಚು."

"ನಂಗ್ಯಾಕ ಹೇಳ್ಲಿಲ್ಲ, ಪಂಪಮ್ಮ?"

"ಹೇಳಿದ್ನಲ್ರಿ," ಎಂದರು ಅವರು. ದನಿಯಲ್ಲಿ ಸಿಟ್ಟಿರಲಿಲ್ಲ. "ಹೇಳಿದ್ದಕ್ಕ ನೀವು ಕಾಲಿಗೆ ಬಿದ್ರಿ."

ವೀರಭದ್ರಪ್ಪ ನನ್ನ ಕಡೆ ತಿರುಗಿ, "ಊರಿಗೆ ಏನ್ ಹೇಳೂದು?" ಎಂದರು. ಪಂಪಮ್ಮ ಹೆದರಿದ್ದೂ ಅದಕ್ಕೇ. ನಿಜ ಮನೆಯೊಳಗೆ ಗೊತ್ತಾಯಿತು, ಬಾಗಿಲು ಮಾತ್ರ ತೆರೆಯಲಿಲ್ಲ. ದೇವರ ಮನೆಯಲ್ಲಿ ಕೂರಲೇಬೇಕಾದರೆ ಡಬ್ಬಿಯನ್ನು ಅಲ್ಲೇ ಹಚ್ಚಿಟ್ಟುಕೊಳ್ಳಿ ಎಂದು ಹೇಳಿ, ವಾಲ್ಯೂಮ್ ತಿರುಗಿಸುವುದನ್ನು ತೋರಿಸಿ ಬಂದೆ. ಸೋತು ಬಂದೆ ಎಂದೇ ಅಂದು ಬರೆದಿದ್ದೇನೆ.

ಮುಂದಿನದನ್ನು ನಾನು ಕಣ್ಣಾರೆ ನೋಡಲಿಲ್ಲ. ಸುಮಂಗಲ ಫೋನಿನಲ್ಲಿ ಹೇಳಿದ್ದು ಎಷ್ಟು ಸಲ ನೆನಪಿಸಿಕೊಂಡಿದ್ದೇನೆಂದರೆ ಈಗ ನೋಡಿದ ಹಾಗೇ ಆಗಿದೆ.

ಸೋಮವಾರ ಹೆಂಗಸರು ಹೂವು ಹಿಡಿದು ಬಂದಾಗ ಪಂಪಮ್ಮ ಹಿತ್ತಲಿಗೆ ಹೋಗಿದ್ದರು. ದೇವರ ಮನೆಯಲ್ಲಿ ಖಾಲಿ ಮಣೆ, ಪಕ್ಕದಲ್ಲಿ ವೀರಭದ್ರಪ್ಪ, ಮೂಲೆಯಲ್ಲಿಟ್ಟ ಡಬ್ಬಿಯಿಂದ ಸುಯ್ಯೆನ್ನುವ ಸದ್ದು. ಹಿರಿಯಾಕೆಯೊಬ್ಬಳು ಪಿಸುಗುಟ್ಟಿದಳಂತೆ: "ಯಜಮಾನ್ರೆ, ಇದೇನ್ರಿ ಕೇಳಾಕತ್ತೈತಿ?" ಅವರು ಕಣ್ಣು ತೆರೆಯಲಿಲ್ಲ, ಉತ್ತರಿಸಲಿಲ್ಲ. ಉತ್ತರಿಸದ್ದಕ್ಕೆ ಹೆಂಗಸರೇ ಅರ್ಥ ಕಟ್ಟಿಕೊಂಡರು: ತಾಯಿಯ ನಾದ ಈಗ ಎಲ್ಲರಿಗೂ ಕೇಳುತ್ತಿದೆ. ಒಬ್ಬೊಬ್ಬರಾಗಿ ಕೂತರು. ಕೈ ಮುಗಿದರು. ಪಂಪಮ್ಮನನ್ನು ಯಾರೂ ಕೇಳಲಿಲ್ಲ.

"ಈಗ ಅತ್ತಿ ಎಲ್ಲಿ ಅದಾರ?" ಎಂದೆ.

"ಹಿತ್ಲದಾಗ. ಮಿಕ್ಸಿ ಹಚ್ಚಿ ಶೇಂಗಾ ಪುಡಿ ಮಾಡಾಕತ್ತಾರ. ಕೇಳ್ರಿ," ಎಂದು ಫೋನನ್ನು ಅತ್ತ ಹಿಡಿದಳು. ಮಿಕ್ಸಿಯ ಗರ್ ಎಂಬ ಸದ್ದಿನ ಮೇಲೆ ಪಂಪಮ್ಮ ಯಾರಿಗೋ ಮಿಲ್ಲಿನ ದನಿಯಲ್ಲಿ ಒದರಿ ಏನೋ ಹೇಳುತ್ತಿದ್ದರು.

ಅವರ ಕಿವಿಯ ಸದ್ದು ಹೋಗಲಿಲ್ಲ; ನನ್ನ ಬಳಿ ಅದಕ್ಕೆ ಔಷಧಿ ಇರಲಿಲ್ಲ, ಈಗಲೂ ಇಲ್ಲ. ಅದರ ಜೊತೆ ಬದುಕಲು ಜಾಗ ಸಿಕ್ಕಿತು, ಅಷ್ಟೇ. ತಿಂಗಳುಗಳ ಮೇಲೆ ಡಬ್ಬಿಯ ಸ್ಪೀಕರ್ ಬದಲಿಸಲು ಹೋದಾಗ ವೀರಭದ್ರಪ್ಪ ಒಬ್ಬರೇ ಅದರ ಎದುರು ಕೂತಿದ್ದರು. ನನ್ನ ಊಟದ ಬಿಡುವಿನಲ್ಲಿ ಫಿಲ್ಟರುಗಳಿಂದ ಕಟ್ಟಿದ ಸದ್ದಿಗೆ ಊರು ಕೈ ಮುಗಿಯುತ್ತಿರುವುದನ್ನು ಸುಮ್ಮನೆ ಬಿಡಬಹುದೇ ಎಂಬ ಪ್ರಶ್ನೆ ನನ್ನನ್ನು ಕಾಡುತ್ತಿತ್ತು. ಮೆಲ್ಲಗೆ ಆ ಮಾತು ಎತ್ತಿದೆ.

"ಇದು ನಾದ ಅಲ್ಲ ಅಂತ ನಂಗ ಗೊತ್ತೈತಮ್ಮ," ಎಂದರು. "ಆದ್ರ ಇದು ಕೇಳತೈತಿ."

ಪಿಂಕ್ ನಾಯ್ಸ್‌ನಲ್ಲಿ ತಗ್ಗಿನ ಸ್ವರಗಳು ಧಾರಾಳವಾಗಿರುತ್ತವೆ. ಅವರ ಕಿವಿಯಲ್ಲಿ ಉಳಿದಿದ್ದವು ಅವೇ. ನಾನು ಸ್ಪೀಕರ್ ಬದಲಿಸಿ, ಸ್ವಿಚ್ ಹಾಕಿ, ಬಾಗಿಲನ್ನು ಸ್ವಲ್ಪ ತೆರೆದಿಟ್ಟು ಬಂದೆ.

ಕಿವಿಯಲ್ಲಿ ಸದ್ದು ಎಂದು ಬರುವವರಿಗೆ ಕೇಳಬೇಕಾದ ಪ್ರಶ್ನೆಗಳನ್ನು ನಮಗೆ ಓದಿನಲ್ಲಿ ಕಲಿಸಿದ್ದರು: ಎಂದಿನಿಂದ, ಯಾವ ಕಿವಿ, ಎಂಥ ಸದ್ದು, ನಿದ್ದೆ ಹೇಗೆ. ಈಗ ಅವೆಲ್ಲಕ್ಕಿಂತ ಮೊದಲು ನಾನು ಬೇರೊಂದು ಕೇಳುತ್ತೇನೆ. ಇದನ್ನು ಮನೆಯಲ್ಲಿ ಯಾರಿಗೆ ಹೇಳಿದಿರಿ? ಹೇಳಿದಾಗ ಅವರು ಏನು ಮಾಡಿದರು?